‘ಫೈನ್’ ಪದಕ್ಕೆ ಬರೀ ಪಟ್ಟಿ ಸಾಲದು, ವಾಕ್ಯವನ್ನೂ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ ಕೊಡುವ ಪುಟ್ಟ ಚೌಕವನ್ನು ನಾನು ತಪ್ಪದೇ ಓದುತ್ತೇನೆ. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳೂ ಓದುತ್ತಾರೆ, ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಮೊನ್ನೆ ‘ಫೈನ್’ ಪದ ಬಂದಿತ್ತು. ಅದರ ಮುಂದೆ ಸಮಾನಾರ್ಥಕ ಪದಗಳು ಅಂತ ಗುಡ್, ಎಕ್ಸಲೆಂಟ್, ಥಿನ್, ಡೆಲಿಕೇಟ್, ಸನ್ನಿ, ಹೆಲ್ದಿ, ಪ್ಯೂರ್ ಎಲ್ಲವನ್ನೂ ಒಂದೇ ಸಾಲಿನಲ್ಲಿ, ನಡುವೆ ಬರೀ ಅಲ್ಪವಿರಾಮ ಹಾಕಿ ಕೊಟ್ಟಿದ್ದಿರಿ. ಒಂದೇ ಒಂದು ವಾಕ್ಯ ಇರಲಿಲ್ಲ.

ಪಟ್ಟಿಯಲ್ಲಿ ಒಂದು ಪದವೂ ತಪ್ಪಲ್ಲ. ನಿಘಂಟು ತೆಗೆದು ನೋಡಿದರೆ ಎಲ್ಲವೂ ಸಿಗುತ್ತವೆ. ಆದರೆ ಹೀಗೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಓದುವ ಮಗುವಿಗೆ ಅನ್ನಿಸುವುದು ಒಂದೇ: ಇವೆಲ್ಲ ಒಂದೇ, ಯಾವುದನ್ನು ಬೇಕಾದರೂ ಯಾವುದರ ಜಾಗಕ್ಕೂ ಹಾಕಬಹುದು. ಒಬ್ಬ ಹುಡುಗಿ ಪ್ರಬಂಧದಲ್ಲಿ ತನ್ನ ಅಜ್ಜಿಯ ಬಗ್ಗೆ ‘ಶಿ ಈಸ್ ಫೈನ್ ನೌ’ ಅಂತ ಬರೆದಿದ್ದಳು. ಅಜ್ಜಿ ಕಾಯಿಲೆಯಿಂದ ಎದ್ದು ಈಗ ಆರಾಮಾಗಿದ್ದಾರೆ ಅನ್ನುವುದು ಅವಳ ಮಾತು, ವಾಕ್ಯ ಸರಿಯಾಗೇ ಇತ್ತು. ಆಮೇಲೆ ಅಂಟಿಸಿಕೊಂಡ ಚೌಕ ನೋಡಿ ‘ಫೈನ್’ ಪದವನ್ನು ರಬ್ಬರಿನಿಂದ ಅಳಿಸಿ ‘ಎಕ್ಸಲೆಂಟ್’ ಅಂತ ಬರೆದಳು. ಅಳಿಸಿದ ಗುರುತು ಕಾಗದದ ಮೇಲೆ ಹಾಗೇ ಇತ್ತು. ಎರಡು ಸಾಲು ಕೆಳಗೆ ಹವೆ ಚೆನ್ನಾಗಿತ್ತು ಅನ್ನಲು ‘ದ ವೆದರ್ ವಾಸ್ ಡೆಲಿಕೇಟ್’, ಅಂದರೆ ಹವೆ ನಾಜೂಕಾಗಿತ್ತು ಅಂತಲೂ ಬರೆದಿದ್ದಳು. ಕೇಳಿದರೆ, ದೊಡ್ಡ ಪದ ಹಾಕಿದರೆ ಮಾರ್ಕ್ಸ್ ಜಾಸ್ತಿ ಬರುತ್ತೆ, ಎಲ್ಲದಕ್ಕೂ ಅರ್ಥ ಒಂದೇ ತಾನೇ ಅಂದಳು. ಅವಳದ್ದೇನೂ ತಪ್ಪಿಲ್ಲ. ಪಟ್ಟಿ ಹೇಳಿದ್ದನ್ನೇ ಅವಳು ನಂಬಿದ್ದಳು.

ನಾನು ಹೇಳಬೇಕಾಗಿರುವುದು ಇಷ್ಟೇ. ಸಮಾನಾರ್ಥಕ ಅನ್ನುವುದು ಎರಡು ಪದಗಳ ನಡುವಿನ ಸಂಬಂಧವಲ್ಲ, ಎರಡು ಪದಗಳ ಒಂದೊಂದು ಅರ್ಥದ ನಡುವಿನ ಸಂಬಂಧ. ‘ಫೈನ್’ ಪದದ ಒಂದು ಅರ್ಥಕ್ಕೆ ‘ಥಿನ್’ ಹತ್ತಿರದ್ದು, ಇನ್ನೊಂದಕ್ಕೆ ‘ಸನ್ನಿ’ ಹತ್ತಿರದ್ದು. ಹಾಗಂತ ‘ಥಿನ್’ ಮತ್ತು ‘ಸನ್ನಿ’ ಒಂದಕ್ಕೊಂದು ಏನೂ ಆಗಬೇಕಿಲ್ಲ, ಅವು ಬೇರೆ ಬೇರೆ ಊರಿನ ಪದಗಳು. ಅವನ್ನು ಬೇರೆ ಮಾಡಿ ತೋರಿಸುವುದು ವಾಕ್ಯ ಮಾತ್ರ.

ಈ ಪದ ಇಷ್ಟು ಕಡೆ ಕವಲೊಡೆದದ್ದು ಹೇಗೆ ಅನ್ನುವುದೇ ಒಂದು ಸೊಗಸಾದ ಕಥೆ. ಇದರ ಬೇರು ಲ್ಯಾಟಿನ್ನಿನ ‘ಫೀನಿಸ್’. ಅಂದರೆ ಕೊನೆ, ಎಲ್ಲೆ. ಫಿನಿಶ್, ಫೈನಲ್, ಡಿಫೈನ್, ಕನ್‌ಫೈನ್ ಎಲ್ಲ ಇದೇ ಬೇರಿನಿಂದ ಬಂದವು. ಹಳೇ ಫ್ರೆಂಚಿನಲ್ಲಿ ಅದು ‘ಫಿನ್’ ಆಯಿತು. ಕೊನೆ ಮುಟ್ಟಿದ್ದು ಅಂದರೆ ಪೂರ್ತಿಯಾದದ್ದು, ಪೂರ್ತಿಯಾದದ್ದು ಅಂದರೆ ಕೊರತೆ ಇಲ್ಲದ್ದು, ಅಂದರೆ ಉತ್ತಮವಾದದ್ದು. 13ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಬಂದದ್ದು ಈ ಮೇಲ್ಮಟ್ಟದ ಅರ್ಥದಲ್ಲೇ. ಲೋಹವನ್ನು ಕೊನೆವರೆಗೂ ಶುದ್ಧ ಮಾಡಿದರೆ ಅದು ‘ಫೈನ್’, ಆ ಕೆಲಸವೇ ‘ರಿಫೈನ್’. ಚೆನ್ನಾಗಿ ಕೆಲಸ ಮಾಡಿ ನಯ ಬರಿಸಿದ ವಸ್ತು ತೆಳುವಾಗಿರುತ್ತದೆ, ನವಿರಾಗಿರುತ್ತದೆ. ಹಾಗಾಗಿ ನೂಲು, ಬಟ್ಟೆ, ಸೂಜಿಯ ಮೊನೆ, ಪುಡಿ ಎಲ್ಲವೂ ‘ಫೈನ್’ ಆದವು. ಅಲ್ಲಿಂದ ಮುಂದೆ ಬುದ್ಧಿಯ ಸೂಕ್ಷ್ಮಕ್ಕೂ ಅದೇ ಪದ ಬಂತು. ಹೀಗೆ ಒಂದು ಅರ್ಥದ ಕೈ ಹಿಡಿದು ಇನ್ನೊಂದು ಬಂದಿದೆ, ಯಾವುದೂ ಸುಮ್ನೆ ಆಕಾಶದಿಂದ ಬಿದ್ದದ್ದಲ್ಲ.

ದಂಡ ಅನ್ನುವ ಅರ್ಥದ ‘ಫೈನ್’ ಇದೆಯಲ್ಲ, ನಾವು ‘ಫೈನ್ ಕಟ್ಟಿದೆ’ ಅನ್ನುವುದು, ಅದೂ ಇದೇ ಬೇರಿನದು. ವ್ಯಾಜ್ಯ ಕೊನೆಗಾಣಿಸಲು ಕೊಡುವ ಹಣ ಅಂತ. ಸಾಲ ತೀರಿಸಿ ಲೆಕ್ಕ ಮುಗಿಸುವುದರಿಂದ ‘ಫೈನಾನ್ಸ್’ ಬಂತು. ಅವೆರಡೂ ನಾಮಪದಗಳು, ಗುಣವಾಚಕದ ಚೌಕದಲ್ಲಿ ನೀವು ಅವನ್ನು ಬಿಟ್ಟದ್ದು ಸರಿಯೇ.

ಇಲ್ಲಿ ಕನ್ನಡದ ಒಂದು ಪದ ನೆನಪಾಗುತ್ತದೆ. ‘ಆಯ್ತು.’ ಕೆಲಸ ಆಯ್ತು ಅಂದರೆ ಮುಗಿಯಿತು. ‘ನಾಳೆ ಬಾ’ ಅಂದಾಗ ‘ಆಯ್ತು’ ಅಂದರೆ ಒಪ್ಪಿದೆ. ಮುಗಿಯುವುದೂ ಒಪ್ಪುವುದೂ ಒಂದೇ ಪದದಲ್ಲಿ ಕೂತಿವೆ. ಕೊನೆ ಅನ್ನುವ ಲ್ಯಾಟಿನ್ ಬೇರಿನಿಂದ ಹೊರಟ ಪದ ಇವತ್ತು ‘ಫೈನ್, ಐ ವಿಲ್ ಕಮ್’ ಅನ್ನುವಾಗ ಒಪ್ಪಿಗೆಯಾಗಿ ನಿಂತಿರುವುದನ್ನು ಮಕ್ಕಳಿಗೆ ಹೇಳಬೇಕಾದರೆ, ನಾನು ಮೊದಲು ‘ಆಯ್ತು’ ಪದದಿಂದಲೇ ಶುರು ಮಾಡುತ್ತೇನೆ. ತಕ್ಷಣ ಹಿಡಿಯುತ್ತಾರೆ. ಇನ್ನೂ ಒಂದು ಹೋಲಿಕೆ ಇದೆ. ‘ಆಯ್ತು’ ಪದವನ್ನು ಸಮಾಧಾನದಿಂದಲೂ ಹೇಳಬಹುದು, ಮುಖ ಊದಿಸಿಕೊಂಡೂ ಹೇಳಬಹುದು. ‘ಫೈನ್’ ಕೂಡ ಹಾಗೇ. ಮೊಬೈಲಿನಲ್ಲಿ ಬರೀ ‘ಫೈನ್’ ಅಂತ ಬರೆದು ಪೂರ್ಣವಿರಾಮ ಇಟ್ಟು ಕಳಿಸಿದರೆ, ಎದುರಿನವರಿಗೆ ಇವರು ಒಪ್ಪಿದರೋ ಸಿಟ್ಟಾದರೋ ಗೊತ್ತಾಗುವುದಿಲ್ಲ. ಯಾವ ಸಮಾನಾರ್ಥಕ ಪಟ್ಟಿಯೂ ಅದನ್ನು ಹೇಳಿಕೊಡುವುದಿಲ್ಲ.

ಅರ್ಥಗಳನ್ನು ಬೇರೆ ಮಾಡಲು ನನಗೆ ಗೊತ್ತಿರುವ ಸುಲಭ ದಾರಿ ವಿರುದ್ಧ ಪದ ಕೇಳುವುದು. ‘ಫೈನ್ ಸ್ಯಾಂಡ್’ ಅಂದಾಗ ವಿರುದ್ಧ ಏನು? ಕೋರ್ಸ್, ಅಂದರೆ ದಪ್ಪ, ಒರಟು. ‘ಫೈನ್ ವೆದರ್’ ಅಂದಾಗ? ಮಳೆ, ಮೋಡ. ‘ಐ ಆಮ್ ಫೈನ್’ ಅಂದಾಗ? ಹುಷಾರಿಲ್ಲ. ‘ಫೈನ್ ಪಾಯಿಂಟ್’ ಅಂದಾಗ ಮೊಂಡು. ವಿರುದ್ಧ ಬದಲಾದರೆ ಅರ್ಥ ಬದಲಾಗಿದೆ ಅಂತಲೇ ಲೆಕ್ಕ. ಮಗುವಿಗೆ ವ್ಯಾಕರಣದ ಒಂದು ಮಾತೂ ಬೇಡ. ಇದರ ಎದುರು ಯಾವುದು ಅಂತ ಕೇಳಿದರೆ ಸಾಕು, ಅದೇ ವಿಂಗಡಿಸಿಕೊಳ್ಳುತ್ತದೆ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವುದು ಶಾಲೆಯ ಲ್ಯಾಬಿನಲ್ಲಿರುವ ಸೂಕ್ಷ್ಮದರ್ಶಕ. ಅದರ ಪಕ್ಕದಲ್ಲಿ ಎರಡು ತಿರುಪುಗಳಿರುತ್ತವೆ. ದೊಡ್ಡದು ಕೋರ್ಸ್, ಚಿಕ್ಕದು ಫೈನ್. ದೊಡ್ಡದನ್ನು ತಿರುಗಿಸಿದರೆ ಗಾಜಿನ ಪಟ್ಟಿ ಇಟ್ಟ ಕಟ್ಟೆ ಮೇಲೆ ಕೆಳಗೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಚಿಕ್ಕದನ್ನು ತಿರುಗಿಸಿದರೆ ಹೊರಗಡೆ ಏನೂ ಅಲುಗಿದ ಹಾಗೆ ಕಾಣುವುದಿಲ್ಲ, ಆದರೆ ಒಳಗೆ ನೋಡಿದರೆ ಮಸುಕಾಗಿದ್ದ ಈರುಳ್ಳಿ ಸಿಪ್ಪೆಯ ಜೀವಕೋಶದ ಗೋಡೆ ಗೆರೆ ಎಳೆದ ಹಾಗೆ ಸ್ಪಷ್ಟವಾಗುತ್ತದೆ. ಈ ತಿರುಪು ‘ಒಳ್ಳೆಯ’ ತಿರುಪಲ್ಲ, ‘ಸೂಕ್ಷ್ಮ’ದ ತಿರುಪು. ಒಂದು ಸಲ ಕೈಯಲ್ಲಿ ತಿರುಗಿಸಿ ನೋಡಿದ ಮಗು ‘ಫೈನ್’ ಪದದ ಈ ಅರ್ಥವನ್ನು ಜನ್ಮದಲ್ಲಿ ಮರೆಯುವುದಿಲ್ಲ. ‘ಫೈನ್ ಟ್ಯೂನ್’ ಅನ್ನುವ ಮಾತೂ ಅದಕ್ಕೆ ಆಗ ತಾನಾಗೇ ತಿಳಿಯುತ್ತದೆ. ರೇಡಿಯೊದಲ್ಲಿ ಗೊರಗೊರ ನಿಲ್ಲುವವರೆಗೆ ಮುಳ್ಳನ್ನು ಎಳೆಯಷ್ಟು ಸರಿಸುವುದೂ ಅದೇ, ಈಗ ಕಂಪ್ಯೂಟರಿನ ಭಾಷಾ ಮಾದರಿಗಳನ್ನು, ಅಂದರೆ ಕೇಳಿದ್ದಕ್ಕೆ ಉತ್ತರ ಬರೆಯುವ ತಂತ್ರಾಂಶಗಳನ್ನು, ಒಂದು ಕೆಲಸಕ್ಕೆ ಹದ ಮಾಡುವುದಕ್ಕೂ ಅದೇ ಪದ.

ಸಣ್ಣ ಅನ್ನುವ ಈ ಅರ್ಥಕ್ಕೆ ವಿಜ್ಞಾನದಲ್ಲಿ ಅಳತೆಯೇ ಇದೆ. ಅಮೆರಿಕದ ಭೂವಿಜ್ಞಾನಿ ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ಕೊಟ್ಟ ಅಳತೆಪಟ್ಟಿಯ ಪ್ರಕಾರ ‘ಫೈನ್ ಸ್ಯಾಂಡ್’ ಅಂದರೆ 0.125ರಿಂದ 0.25 ಮಿಲಿಮೀಟರ್ ಅಗಲದ ಮರಳಿನ ಕಣ. ಇನ್ನು ಗಾಳಿಯಲ್ಲಿ ತೇಲುವ ‘ಫೈನ್ ಪಾರ್ಟಿಕಲ್ಸ್’ ಬಗ್ಗೆ ನಿಮ್ಮ ಪತ್ರಿಕೆಯಲ್ಲೇ ಆಗಾಗ ಸುದ್ದಿ ಬರುತ್ತದೆ, ಪಿಎಂ 2.5 ಅನ್ನುವುದು. ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್ ಅಂತ ಹಿಡಿದರೆ ಅದರ ಮೂವತ್ತನೇ ಒಂದು ಪಾಲಿಗೂ ಹತ್ತಿರ. ಅಷ್ಟು ಸಣ್ಣ ಇರುವುದರಿಂದಲೇ ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಅದಕ್ಕೇ ಅಪಾಯ. ಈಗ ಯೋಚನೆ ಮಾಡಿ. ‘ಫೈನ್ ಡಸ್ಟ್’ ಅನ್ನುವುದನ್ನು ನಿಮ್ಮ ಪಟ್ಟಿಯನ್ನು ನಂಬಿದ ಮಗು ಒಳ್ಳೆಯ ಧೂಳು, ಆರೋಗ್ಯಕರ ಧೂಳು ಅಂತ ಓದಿಕೊಂಡರೆ ಏನು ಹೇಳುವುದು? ಪಟ್ಟಿಯಲ್ಲಿ ‘ಹೆಲ್ದಿ’ ಅಂತ ಇದೆಯಲ್ಲ. ಇಲ್ಲಿ ಅರ್ಥ ಪೂರ್ತಿ ತಿರುಗುಮುರುಗಾಗಿಬಿಟ್ಟಿತು.

ಚಿನ್ನದ ವಿಷಯಕ್ಕೆ ಬಂದರೆ ‘ಫೈನ್’ ಅಂದರೆ ಸಣ್ಣದೂ ಅಲ್ಲ, ಚೆಂದವೂ ಅಲ್ಲ, ಬೆರಕೆ ಇಲ್ಲದ್ದು. ಸಾವಿರ ಪಾಲಿನಲ್ಲಿ ಎಷ್ಟು ಪಾಲು ಶುದ್ಧ ಚಿನ್ನ ಅನ್ನುವ ಲೆಕ್ಕಕ್ಕೆ ‘ಫೈನ್‌ನೆಸ್’ ಅನ್ನುತ್ತಾರೆ. ಆಭರಣದ ಮೇಲೆ 916 ಅಂತ ಒತ್ತಿರುವುದು ಅದೇ, 24ರಲ್ಲಿ 22 ಪಾಲು, ಅಂದರೆ 22 ಕ್ಯಾರೆಟ್. 750 ಅಂದರೆ 18 ಕ್ಯಾರೆಟ್. ಗಟ್ಟಿಯ ಮೇಲೆ 999 ಇದ್ದರೆ ಹೆಚ್ಚುಕಡಿಮೆ ಅಪ್ಪಟ. ನಮ್ಮ ‘ಅಪರಂಜಿ’ ಇದಕ್ಕೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ.

‘ಫೈನ್ ಆರ್ಟ್ಸ್’ ಇನ್ನೊಂದು ದಾರಿ. ಇದು ಫ್ರೆಂಚಿನ ‘ಬೋಜಾರ್’ ಅನ್ನುವುದಕ್ಕೆ ಇಂಗ್ಲಿಷಿನವರು ಕಂಡುಕೊಂಡ ಮಾತು, ಅಲ್ಲಿ ‘ಬೋ’ ಅಂದರೆ ಸುಂದರ. 1746ರಲ್ಲಿ ಫ್ರಾನ್ಸಿನ ಚಿಂತಕ ಶಾರ್ಲ್ ಬತೊ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯ ಈ ಐದನ್ನೂ ಒಟ್ಟಿಗೆ ಇಟ್ಟು, ಇವು ಆನಂದಕ್ಕಾಗಿ ಇರುವ ಕಲೆಗಳು, ಬರೀ ಉಪಯೋಗಕ್ಕಾಗಿ ಇರುವ ಕುಶಲ ಕೆಲಸಗಳಿಗಿಂತ ಬೇರೆ ಅಂತ ವಾದಿಸಿದರು. ಹಾಗಾಗಿ ಇಲ್ಲಿ ‘ಫೈನ್’ ಪದಕ್ಕೆ ಎದುರು ನಿಲ್ಲುವುದು ‘ಉಪಯೋಗ’. ಕೆಟ್ಟ ಕಲೆ ಅಂತಲ್ಲ, ಒರಟು ಕಲೆ ಅಂತಲೂ ಅಲ್ಲ. ಕನ್ನಡದಲ್ಲಿ ‘ಲಲಿತಕಲೆ’ ಅನ್ನುತ್ತೇವೆ, ‘ಒಳ್ಳೆಯ ಕಲೆ’ ಅನ್ನುವುದಿಲ್ಲ. ಯಾರೋ ಹಿಂದಿನವರು ಕೂತು ಯೋಚಿಸಿ ಆರಿಸಿದ ಪದ ಅದು.

ಕ್ರಿಕೆಟ್ಟಿನ ‘ಫೈನ್ ಲೆಗ್’ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಎರಡು ವಿಕೆಟ್ಟುಗಳನ್ನು ಸೇರಿಸುವ ಗೆರೆಯನ್ನು ಬ್ಯಾಟರ್ ಹಿಂದಕ್ಕೆ ಎಳೆದುಕೊಂಡು ಹೋದರೆ, ಆ ಗೆರೆಗೆ ಹತ್ತಿರ ಇರುವುದು ‘ಫೈನ್’. ಗೆರೆಗೆ ಅಡ್ಡಲಾಗಿ, ಕ್ರೀಸಿನ ನೇರಕ್ಕೆ ಇರುವುದು ‘ಸ್ಕ್ವೇರ್’. ಚೆಂಡು ಗೆರೆಗೆ ಇನ್ನೂ ಹತ್ತಿರ ಹೋದರೆ ವೀಕ್ಷಕ ವಿವರಣೆಕಾರರು ‘ಫೈನರ್’ ಅನ್ನುತ್ತಾರೆ. ಕೋನ ಸಣ್ಣದು ಅನ್ನುವುದೇ ಇಲ್ಲಿ ವಿಷಯ. ‘ಸ್ಕ್ವೇರ್’ ಅನ್ನುವುದು ‘ಫೈನ್’ ಪದದ ವಿರುದ್ಧ ಅಂತ ಯಾವ ಸಾಮಾನ್ಯ ಪಟ್ಟಿಯಲ್ಲೂ ಇರುವುದಿಲ್ಲ, ಆಟ ನೋಡುವ ಮಗುವಿಗೆ ಮಾತ್ರ ಅದು ಚೆನ್ನಾಗಿ ಗೊತ್ತು. ‘ಫೈನ್ ಪ್ರಿಂಟ್’ ಕೂಡ ಹಾಗೇ, ಕರಾರಿನ ಕೊನೆಯಲ್ಲಿ ಕಣ್ಣಿಗೆ ಬೀಳದ ಹಾಗೆ ಹಾಕಿದ ಸಣ್ಣಕ್ಷರ. ‘ಫೈನ್ ಲೈನ್’ ಅಂದರೆ ಎರಡು ಸಂಗತಿಗಳ ನಡುವಿನ ಕೂದಲೆಳೆಯಷ್ಟು ಅಂತರ. ‘ದೇರ್ ಈಸ್ ಅ ಫೈನ್ ಲೈನ್’ ಅನ್ನುವುದನ್ನು ‘ಒಂದು ಒಳ್ಳೆಯ ಗೆರೆಯಿದೆ’ ಅಂತ ಅನುವಾದ ಮಾಡಿದ್ದನ್ನು ನಾನು ಅಚ್ಚಿನಲ್ಲೇ ಓದಿದ್ದೇನೆ, ಯಾರದು ಅಂತ ಹೇಳುವುದು ಬೇಡ. ಇಲ್ಲಿ ಹತ್ತಿರದ ಪದ ‘ಸಟಲ್’, ಅಂದರೆ ಸೂಕ್ಷ್ಮ, ಅದೇ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಿಕೊಡುವವರು ಕಡಿಮೆ. ‘ಚೆನ್ನ’ ಅನ್ನುವ ಅರ್ಥದ ಒಳಗೇ ‘ಫೈನ್’ ಎರಡು ಎತ್ತರದಲ್ಲಿ ನಿಲ್ಲುತ್ತದೆ. ‘ಶಿ ಈಸ್ ಅ ಫೈನ್ ಟೀಚರ್’ ಅನ್ನಿ. ಅದು ದೊಡ್ಡ ಹೊಗಳಿಕೆ, ಅಪರೂಪದ ಮೇಷ್ಟ್ರು ಅಂತ. ಅದೇ ‘ದ ಟೀಚರ್ ಈಸ್ ಫೈನ್’ ಅನ್ನಿ. ಮೇಷ್ಟ್ರು ಆರಾಮಾಗಿದ್ದಾರೆ, ಇಲ್ಲವೇ ಮೇಷ್ಟ್ರು ಪರವಾಗಿಲ್ಲ, ನಡೆಯುತ್ತೆ ಅಂತ. ‘ಇಟ್ ಈಸ್ ಅ ಫೈನ್ ರಿಪೋರ್ಟ್’ ಅಂದರೆ ಸೊಗಸಾದ ವರದಿ, ‘ದ ರಿಪೋರ್ಟ್ ಈಸ್ ಫೈನ್’ ಅಂದರೆ ತಿದ್ದುವಂಥದ್ದು ಏನಿಲ್ಲ, ಕಳಿಸಬಹುದು. ಪದ ಅದೇ. ನಾಮಪದದ ಮುಂದೆ ನಿಂತರೆ ಮೇಲೆ ಏರುತ್ತದೆ, ವಾಕ್ಯದ ಕೊನೆಗೆ ಹೋದರೆ ಕೆಳಗೆ ಇಳಿಯುತ್ತದೆ. ಯಾವಾಗಲೂ ಹೀಗೇ ಅಂತ ಕಟ್ಟುನಿಟ್ಟಿಲ್ಲ, ಆದರೆ ಬಹುಪಾಲು ಹೀಗೇ. ಕೆಲಸದ ಜಾಗದಲ್ಲಿ ಮೇಲಿನವರಿಗೆ ‘ಯುವರ್ ಪ್ಲಾನ್ ಈಸ್ ಫೈನ್’ ಅಂತ ಬರೆದು ಹೊಗಳಿದೆ ಅಂದುಕೊಂಡರೆ, ಓದಿದವರಿಗೆ ‘ಪರವಾಗಿಲ್ಲ’ ಅಂದ ಹಾಗೆ ಕೇಳುತ್ತದೆ. ಬೇಸರ ಎಲ್ಲಿಂದ ಬಂತು ಅಂತ ಬರೆದವರಿಗೆ ಗೊತ್ತೇ ಆಗುವುದಿಲ್ಲ. ಬೇರೆ ಭಾಷೆಯಿಂದ ಇಂಗ್ಲಿಷಿಗೆ ಬಂದ ಯಾರಿಗಾದರೂ ಆಗುವಂಥದ್ದೇ ಇದು.

ಹಾಗಾಗಿ ‘ಎಕ್ಸಲೆಂಟ್’ ಅನ್ನುವುದು ‘ಫೈನ್’ ಪದಕ್ಕೆ ಒಂದು ಕಡೆ ಸಮಾನ, ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ಮೇಲು. ಒಬ್ಬರು ‘ಹೌ ವಾಸ್ ದ ಎಕ್ಸಾಮ್’ ಅಂತ ಕೇಳಿದಾಗ ‘ಫೈನ್’ ಅಂದರೆ ಪಾಸಾಗುತ್ತೇನೆ ಅಂತ, ‘ಎಕ್ಸಲೆಂಟ್’ ಅಂದರೆ ಭರ್ಜರಿ ಮಾಡಿದ್ದೇನೆ ಅಂತ. ಇವೆರಡನ್ನೂ ಸಮ ಅಂತ ಕಲಿಸಿದರೆ ಮಕ್ಕಳು ತಮಗೆ ಅನ್ನಿಸಿದ್ದಕ್ಕಿಂತ ಬೇರೇನೋ ಹೇಳಿಬಿಡುತ್ತಾರೆ. ‘ಇನ್ನೂ ಸ್ವಲ್ಪ ಹಾಕಲಾ’ ಅಂತ ಕೇಳಿದಾಗ ‘ಐ ಆಮ್ ಫೈನ್’ ಅಂದರೆ ಆರೋಗ್ಯದ ವಿಷಯವೇ ಅಲ್ಲ, ‘ಸಾಕು, ಬೇಡ’ ಅಂತ. ‘ಒನ್ ಫೈನ್ ಡೇ’ ಅಂದರೆ ದಿನ ಚೆನ್ನಾಗಿತ್ತು ಅಂತಲೂ ಅಲ್ಲ, ಒಂದು ದಿನ ಅಂತ ಅಷ್ಟೇ. ಆ ದಿನ ಮನೆ ಬಿದ್ದುಹೋದರೂ ಕಥೆ ಹೇಳುವವರು ‘ಒನ್ ಫೈನ್ ಡೇ’ ಅಂತಲೇ ಶುರು ಮಾಡುತ್ತಾರೆ.

‘ಅ ಫೈನ್ ಮೆಸ್’ ಅನ್ನುವ ಮಾತನ್ನೂ ಬಿಡುವಂತಿಲ್ಲ. ಅಲ್ಲಿ ಪದ ತನ್ನ ವಿರುದ್ಧಕ್ಕೇ ತಿರುಗಿ ನಿಂತಿದೆ. ಆದರೆ ಇದು ನಮಗೆ ಹೊಸದೇನಲ್ಲ, ‘ಒಳ್ಳೇ ಕಥೆ ಆಯ್ತಲ್ಲ’, ‘ಒಳ್ಳೇ ಫಜೀತಿ’ ಅಂತ ನಾವು ದಿನಾ ಹೇಳುತ್ತೇವೆ. ನಮ್ಮ ‘ಒಳ್ಳೆ’ಯನ್ನೇ ನೋಡಿ. ಒಳ್ಳೆ ಮನುಷ್ಯ ಅಂದರೆ ಗುಣವಂತ. ಒಳ್ಳೆ ಮಳೆ ಅಂದರೆ ಜೋರು ಮಳೆ. ಒಳ್ಳೆ ಪೆಟ್ಟು ಬಿತ್ತು ಅಂದರೆ ಅದರಲ್ಲಿ ಒಳ್ಳೆಯದು ಏನೇನೂ ಇಲ್ಲ. ‘ಸಣ್ಣ’ ಪದವೂ ಹೀಗೇ. ಸಣ್ಣ ಮಗು, ಸಣ್ಣ ದನಿ, ಸಣ್ಣ ಬುದ್ಧಿ, ‘ಯಾಕೆ ಇಷ್ಟು ಸಣ್ಣ ಆಗಿದ್ದೀಯ’. ನಾಲ್ಕು ಕಡೆ ನಾಲ್ಕು ಅರ್ಥ. ಕನ್ನಡದ ಮಗು ಇದರಲ್ಲಿ ಒಂದನ್ನೂ ತಪ್ಪುವುದಿಲ್ಲ, ಯಾಕೆಂದರೆ ಅದು ಪದವನ್ನು ಪಟ್ಟಿಯಿಂದ ಕಲಿಯಲಿಲ್ಲ, ಮಾತಿನೊಳಗೆ ಕೇಳಿ ಕಲಿಯಿತು. ಇಂಗ್ಲಿಷನ್ನು ಮಾತ್ರ ಯಾಕೆ ಪಟ್ಟಿಯಲ್ಲಿ ಕಲಿಸಬೇಕು? ನನಗೆ ಅರ್ಥವಾಗದೇ ಇರುವುದು ಇದೇ.

ದೊಡ್ಡ ನಿಘಂಟುಗಳನ್ನು ಮಾಡಿದವರು ಈ ವಿಷಯ ಚೆನ್ನಾಗಿ ಬಲ್ಲವರಾಗಿದ್ದರು. ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ತಂದ ಇಂಗ್ಲಿಷ್ ನಿಘಂಟಿನಲ್ಲಿ 40 ಸಾವಿರಕ್ಕೂ ಹೆಚ್ಚು ಪದಗಳಿದ್ದವು. ಅವುಗಳ ಅರ್ಥ ತೋರಿಸಲು ಅವರು ಕೊಟ್ಟ ಉದಾಹರಣೆಗಳು ಒಂದು ಲಕ್ಷಕ್ಕೂ ಹೆಚ್ಚು. ಅರ್ಥಗಳಿಗೆ ಒಂದು, ಎರಡು ಅಂತ ಅಂಕಿ ಹಾಕಿ, ಹೆಚ್ಚಿನವಕ್ಕೆ ಹಿಂದಿನ ಲೇಖಕರ ಸಾಲು ಹುಡುಕಿ ಇಟ್ಟರು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಭಾಗ ಬಂದದ್ದು 1884ರಲ್ಲಿ, ಪೂರ್ತಿಯಾದದ್ದು 1928ರಲ್ಲಿ. ಅಷ್ಟು ವರ್ಷ ಹಿಡಿದದ್ದಕ್ಕೆ ಒಂದು ದೊಡ್ಡ ಕಾರಣ ಉದಾಹರಣೆ ವಾಕ್ಯಗಳೇ. ಸಾಮಾನ್ಯ ಓದುಗರು ಪುಸ್ತಕಗಳಿಂದ ಸಾಲುಗಳನ್ನು ಚೀಟಿಯಲ್ಲಿ ಬರೆದು ಬರೆದು ಕಳಿಸಿದರು, ಕೊನೆಗೆ ಅಚ್ಚಾದ ಉದಾಹರಣೆಗಳೇ 18 ಲಕ್ಷ ದಾಟಿದವು. ಅರ್ಥ ಸಿಗುವುದು ವಾಕ್ಯದಲ್ಲಿ ಅಂತ ಅವರಿಗೆ ಗೊತ್ತಿರದಿದ್ದರೆ ಅಷ್ಟು ಕಷ್ಟ ಯಾಕೆ ಪಡುತ್ತಿದ್ದರು?

ಸಮಾನಾರ್ಥಕ ಕೋಶದ ಕಥೆಯೂ ಅದೇ. ವೈದ್ಯರಾಗಿದ್ದ ಪೀಟರ್ ಮಾರ್ಕ್ ರೋಜೆ 1852ರಲ್ಲಿ ತಮ್ಮ ಥೆಸಾರಸ್ ಅಚ್ಚು ಹಾಕಿಸಿದಾಗ ಪದಗಳನ್ನು ಅಕಾರಾದಿಯಾಗಿ ಜೋಡಿಸಲಿಲ್ಲ, ವಿಚಾರಗಳ ಗುಂಪುಗಳಾಗಿ ಜೋಡಿಸಿದರು. ಹಾಗೆ ಜೋಡಿಸಿದಾಗ ‘ಫೈನ್’ ತರಹದ ಪದ ಒಂದೇ ಕಡೆ ಇರಲು ಆಗುವುದಿಲ್ಲ, ಸಣ್ಣದರ ಗುಂಪಿನಲ್ಲಿ ಒಮ್ಮೆ, ಚೆಲುವಿನ ಗುಂಪಿನಲ್ಲಿ ಒಮ್ಮೆ ಬರಲೇಬೇಕು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1985ರಲ್ಲಿ ಶುರು ಮಾಡಿದ ವರ್ಡ್‌ನೆಟ್ ಅನ್ನುವ ಕಂಪ್ಯೂಟರ್ ಕೋಶದಲ್ಲೂ ಒಂದೊಂದು ಅರ್ಥಕ್ಕೆ ಒಂದೊಂದು ಗುಂಪು. ಅದರಲ್ಲಿ ಗುಣವಾಚಕಗಳನ್ನು ಕಟ್ಟಿರುವುದೇ ವಿರುದ್ಧ ಪದಗಳ ಜೋಡಿಯ ಸುತ್ತ. ನಾನು ಮೇಲೆ ಹೇಳಿದ ಎದುರು ಪದದ ಪರೀಕ್ಷೆ ಇದಕ್ಕೆ ಹತ್ತಿರದ್ದೇ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಅಮರಕೋಶವನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಅರ್ಥದ ಪದಗಳು ವಿಷಯವಾರು ವರ್ಗಗಳಲ್ಲಿವೆ, ಒಂದೇ ಪದಕ್ಕೆ ಹಲವು ಅರ್ಥ ಇರುವವಕ್ಕೆ ಮೂರನೇ ಕಾಂಡದಲ್ಲಿ ‘ನಾನಾರ್ಥ ವರ್ಗ’ ಅಂತ ಬೇರೆಯೇ ಜಾಗ ಮಾಡಿದ್ದಾರೆ. ಎರಡನ್ನೂ ಕಲಸಬಾರದು ಅಂತ ಅಮರಸಿಂಹನಿಗೆ ಅಷ್ಟು ಹಿಂದೆಯೇ ಗೊತ್ತಿತ್ತು. ನಿಮ್ಮ ಚೌಕದಲ್ಲಿ ಈ ಎರಡೂ ಕಲಸಿಹೋಗಿವೆ, ನನ್ನ ತಕರಾರು ಇಷ್ಟೇ.

ಜಾಗ ಇಲ್ಲ ಅಂತ ನೀವು ಹೇಳಬಹುದು. ನಾನೂ ಅಳೆದು ನೋಡಿದೆ. ಏಳು ಸಮಾನಾರ್ಥಕಗಳನ್ನೂ ಅವುಗಳ ಕನ್ನಡ ಅರ್ಥವನ್ನೂ ಹಾಕುವ ಜಾಗದಲ್ಲಿ ಎರಡು ಪುಟ್ಟ ವಾಕ್ಯಗಳು, ಅವುಗಳ ಕನ್ನಡ, ಒಂದೊಂದು ಎದುರು ಪದ ಧಾರಾಳವಾಗಿ ಹಿಡಿಸುತ್ತವೆ. ಒಂದು ದಿನಕ್ಕೆ ಎರಡು ಅರ್ಥ ಸಾಕು. ಮಿಕ್ಕಿದ್ದನ್ನು ಮರುದಿನ ಕೊಡಿ. ‘ಫೈನ್’ ಒಂದೇ ಪದ ಒಂದು ವಾರ ಬಂದರೂ ಯಾರಿಗೂ ಬೇಜಾರಾಗುವುದಿಲ್ಲ. ಮಕ್ಕಳು ಏಳು ದಿನದಲ್ಲಿ ಏಳು ಪದ ಬಾಯಿಪಾಠ ಮಾಡುವುದಕ್ಕಿಂತ ಒಂದು ಪದವನ್ನು ಏಳು ಕಡೆ ಸರಿಯಾಗಿ ಬಳಸುವುದು ನನಗೆ ಜಾಸ್ತಿ ಖುಷಿ ಕೊಡುತ್ತದೆ.

ಇನ್ನೊಂದು ಸಣ್ಣ ಕೋರಿಕೆ. ಚೌಕದ ಕೆಳಗೆ ‘ಸಾಮಾನ್ಯ ಪದದ ಬದಲು ಈ ಪದಗಳನ್ನು ಬಳಸಿ, ಭಾಷೆ ಶ್ರೀಮಂತವಾಗುತ್ತದೆ’ ಅಂತ ಒಂದು ಸಾಲು ಹಾಕುತ್ತೀರಿ. ದಯವಿಟ್ಟು ಅದನ್ನು ತೆಗೆದುಬಿಡಿ. ‘ಶಿ ಈಸ್ ಫೈನ್ ನೌ’ ಅನ್ನುವುದರಲ್ಲಿ ಬಡತನ ಏನಿದೆ? ಅಜ್ಜಿ ಆರಾಮಾಗಿದ್ದಾರೆ ಅನ್ನಲು ಇಂಗ್ಲಿಷ್ ಮನೆಮಾತಿನವರೂ ಹೇಳುವುದು ಅಷ್ಟನ್ನೇ. ಆ ಮಾತನ್ನು ಅಳಿಸಿ ದೊಡ್ಡ ಪದ ಹಾಕು ಅಂತ ನಾವು ಒತ್ತಾಯ ಮಾಡಿದರೆ, ಸರಿಯಾಗಿ ಬರೆಯುತ್ತಿದ್ದ ಮಗುವಿಗೆ ತನ್ನ ಮಾತಿನ ಮೇಲೇ ನಂಬಿಕೆ ಹೋಗುತ್ತದೆ. ಒಂದು ಸಲ ಹೋದ ಆ ನಂಬಿಕೆಯನ್ನು ವಾಪಸ್ ತರಿಸುವುದು ಎಷ್ಟು ಕಷ್ಟ ಅಂತ ಪಾಠ ಹೇಳುವ ಎಲ್ಲರಿಗೂ ಗೊತ್ತು.

ಮುಂದಿನ ಸೋಮವಾರದ ಪದ ‘ಶಾರ್ಪ್’ ಅಂತ ನಿಮ್ಮ ಚೌಕದಲ್ಲೇ ಇದೆ. ಅದೂ ಇಂಥದ್ದೇ ಪದ. ಶಾರ್ಪ್ ನೈಫ್ ಅಂದರೆ ಹರಿತ, ಶಾರ್ಪ್ ಸ್ಟೂಡೆಂಟ್ ಅಂದರೆ ಚುರುಕು, ಶಾರ್ಪ್ ಟರ್ನ್ ಅಂದರೆ ಕಡಿದಾದ ತಿರುವು, ಟೆನ್ ಓ ಕ್ಲಾಕ್ ಶಾರ್ಪ್ ಅಂದರೆ ಹತ್ತು ಗಂಟೆಗೆ ಸರಿಯಾಗಿ, ಸಂಗೀತದಲ್ಲಿ ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ, ಅದರ ಎದುರು ಫ್ಲಾಟ್. ಇವುಗಳಿಗೆ ಒಂದೊಂದು ವಾಕ್ಯ, ಅದರ ಕನ್ನಡ, ಒಂದೊಂದು ಎದುರು ಪದ ಬರೆದು ಈ ಪತ್ರದ ಜೊತೆಗೇ ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ನಿಮಗೆ ಸರಿ ಕಂಡದ್ದನ್ನು ಬಳಸಿಕೊಳ್ಳಿ, ಹೆಸರು ಹಾಕುವುದು ಬೇಡ. ಸೋಮವಾರದ ಚೌಕಕ್ಕೆ ತಡವಾಗಬಾರದು ಅಂತ ಇವತ್ತೇ ಕಳಿಸುತ್ತಿದ್ದೇನೆ.

ಇಂತಿ,
ನಿಮ್ಮ ಓದುಗ, ಇಂಗ್ಲಿಷ್ ಪಾಠ ಹೇಳುವವ